ಪಂಚರ್ ಆದ ಟೈರ್: ಬಿಚ್ಚಿ ನೋಡದೆ ತೀರ್ಮಾನ ಬೇಡ

ಪ್ರಶ್ನೆ: ನಮ್ಮದು ಸಿರುಗುಪ್ಪ. ಹೋದ ವಾರ ರಾತ್ರಿ ಬಳ್ಳಾರಿಯಿಂದ ವಾಪಸ್ ಬರುವಾಗ ತೆಕ್ಕಲಕೋಟೆ ಹತ್ತಿರ ಕಾರಿನ ಹಿಂದಿನ ಎಡಗಡೆ ಟೈರ್ ಪಂಚರ್ ಆಯಿತು. ಮನೆಯವರು, ಮಕ್ಕಳು ಜೊತೆಗಿದ್ದರು. ಕತ್ತಲಲ್ಲಿ ಇಳಿಯುವುದು ಬೇಡ ಅಂತ ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಓಡಿಸಿಕೊಂಡು ಲೈಟ್ ಇರುವ ಕಡೆ ಬಂದು ಸ್ಟೆಪ್ನಿ ಹಾಕಿದೆ. ಮರುದಿನ ಪಂಚರ್ ಅಂಗಡಿಯವರು ಮೊಳೆ ಕಿತ್ತು, ಹೊರಗಿಂದಲೇ ತೂತಿಗೆ ಎರಡು ಸ್ಟ್ರಿಪ್ (ಅಂಟಿನ ರಬ್ಬರ್ ಎಳೆ) ಹಾಕಿ, 'ಏನೂ ಆಗಲ್ಲ, ಓಡಿಸಿ' ಅಂದರು. ಅದನ್ನೇ ಮತ್ತೆ ಹಾಕಿಕೊಂಡು ಓಡಿಸುತ್ತಿದ್ದೇನೆ. ಎರಡೇ ದಿನಕ್ಕೆ 33 ಇದ್ದ ಗಾಳಿ 24ಕ್ಕೆ ಇಳಿದಿದೆ. ಬಳ್ಳಾರಿಯ ಒಂದು ಟೈರ್ ಶೋರೂಮಿನಲ್ಲಿ ತೋರಿಸಿದರೆ ಕಾರಿನಲ್ಲಿದ್ದ ಹಾಗೇ ನೋಡಿ, 'ಮೊಳೆ ಅಂಚಿಗೆ ಬಂದಿದೆ, ಟೈರ್ ಬದಲಿಸಿ' ಅಂದರು. ಟೈರ್ ಇನ್ನೂ ಅರ್ಧ ಕೂಡ ಸವೆದಿಲ್ಲ. ಸೈಜ್ 185/65 ಆರ್15, 88ಎಚ್. ಯಾರ ಮಾತು ನಂಬಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತನ್ನೂ ಪಕ್ಕಕ್ಕಿಡಿ. ಒಬ್ಬರು ಸ್ಟ್ರಿಪ್ ತುರುಕಿ ಕಳಿಸಿದರು, ಇನ್ನೊಬ್ಬರು ಹೊಸ ಟೈರ್ ತೋರಿಸಿದರು. ಟೈರನ್ನು ರಿಮ್‌ನಿಂದ ಬಿಚ್ಚಿ ಒಳಗೆ ಲೈಟ್ ಬಿಟ್ಟು ನೋಡಿದವರು ಯಾರೂ ಇಲ್ಲ, ಅಲ್ವಾ? ಅದು ಆಗುವವರೆಗೆ ರಿಪೇರಿ ಆಗುತ್ತದೆ ಅನ್ನುವುದೂ ಅಂದಾಜು, ಆಗಲ್ಲ ಅನ್ನುವುದೂ ಅಂದಾಜು.

ಇವತ್ತೇ ಮಾಡಬೇಕಾದ್ದು ಒಂದಿದೆ. ಆ ಟೈರ್ ಬಿಚ್ಚಿ ಡಿಕ್ಕಿಗೆ ಹಾಕಿ, ಸ್ಟೆಪ್ನಿ ಮೇಲೆ ಓಡಿಸಿ. ಎರಡು ದಿನಕ್ಕೆ 9 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಇಳಿಯುವ ಟೈರ್ ಮೇಲೆ ಹೆದ್ದಾರಿಗೆ ಹೋಗಬೇಡಿ. ರಾತ್ರಿ ತಂಪಿಗೆ ಗಾಳಿ ಸ್ವಲ್ಪ ಕಡಿಮೆ ತೋರಿಸುವುದು ಸಹಜ, ಐದಾರು ಡಿಗ್ರಿಗೆ ಸುಮಾರು 1 ಪಿಎಸ್‌ಐ ಲೆಕ್ಕ. ಹಾಗಾಗಿ ಎರಡು ಮೂರು ಇಳಿದರೆ ಹವೆಯ ತಲೆಗೆ ಕಟ್ಟಬಹುದು. 9 ಅಂದರೆ ಎಲ್ಲೋ ಸೋರುತ್ತಿದೆ.

ಇನ್ನು ನಿಮ್ಮ ಪ್ರಶ್ನೆ ಓದಿ ನನಗೆ ಅನಿಸಿದ್ದನ್ನೂ ಮುಚ್ಚಿಡುವುದಿಲ್ಲ. ಈ ಟೈರ್ ಉಳಿಯುವುದು ಸ್ವಲ್ಪ ಕಷ್ಟವೇ. ಮೊಳೆ ಅಂಚಿಗಿದೆಯೋ ನಡುವಿಗಿದೆಯೋ ಅನ್ನುವುದಕ್ಕಿಂತ ನನಗೆ ಜಾಸ್ತಿ ಚಿಂತೆ ಹಚ್ಚಿದ್ದು ನೀವು ಸುಮ್ನೆ ಅರ್ಧ ಸಾಲಿನಲ್ಲಿ ದಾಟಿಸಿದ ಮಾತು: 'ಒಂದೆರಡು ಕಿಲೋಮೀಟರ್ ನಿಧಾನಕ್ಕೆ ಓಡಿಸಿಕೊಂಡು.' ಅದರ ಬಗ್ಗೆ ಮುಂದೆ ಬರೆಯುತ್ತೇನೆ.

ಮೊದಲು ಸೋರುತ್ತಿರುವುದು ಎಲ್ಲಿಂದ ಅಂತ ಖಾತ್ರಿ ಮಾಡಿಕೊಳ್ಳಿ. ಸ್ಟ್ರಿಪ್ ಜಾಗದಿಂದಲೇ ಅಂತ ಯಾರು ನೋಡಿದ್ದಾರೆ? ಟೈರಿಗೆ 35ರವರೆಗೆ ಗಾಳಿ ತುಂಬಿಸಿ, ಸೋಪಿನ ನೀರು ಮಾಡಿಕೊಂಡು ಸ್ಟ್ರಿಪ್ ಮೇಲೆ ಸುರಿಯಿರಿ. ಆಮೇಲೆ ವಾಲ್ವ್ ಬಾಯಿಗೆ, ಅದರ ಬುಡಕ್ಕೆ. ಕೊನೆಗೆ ಟೈರೂ ರಿಮ್ಮೂ ಸೇರುವ ಅಂಚಿನ ಸುತ್ತ, ಒಳಬದಿಗೂ ಹೊರಬದಿಗೂ. ಅವಸರ ಮಾಡಬೇಡಿ. ಸಣ್ಣ ಸೋರಿಕೆಯಾದರೆ ಗುಳ್ಳೆ ಏಳಲು ಒಂದೆರಡು ನಿಮಿಷ ಬೇಕು. ವಾಲ್ವ್ ಬಾಯಲ್ಲಿ ಗುಳ್ಳೆ ಬಂದರೆ ಒಳಗಿನ ಪಿನ್ ಬಿಗಿ ಮಾಡಿದರೆ ಅಥವಾ ಬದಲಿಸಿದರೆ ಆಯಿತು, ಕಾಸಿನ ಖರ್ಚು. ರಿಮ್ ಅಂಚಿನಲ್ಲಿ ಬಂದರೆ ಅಲ್ಲಿ ತುಕ್ಕು ಅಥವಾ ಮಣ್ಣು ಕೂತಿರಬಹುದು, ಗುಂಡಿಗೆ ಬಿದ್ದು ರಿಮ್ ಬಾಗಿರಬಹುದು. ನಿಮ್ಮ ವಿಷಯದಲ್ಲಿ ಇನ್ನೊಂದು ಸಾಧ್ಯತೆಯೂ ಇದೆ. ಗಾಳಿ ಇಲ್ಲದೆ ಓಡಿಸಿದಾಗ ರಿಮ್ ಅಂಚು ಟೈರಿನ ಬಾಯನ್ನು, ಅಂದರೆ ರಿಮ್ಮಿಗೆ ಕೂರುವ ಅಂಚನ್ನು, ಜಜ್ಜಿರಬಹುದು. ಹಾಗಾಗಿದ್ದರೆ ಸ್ಟ್ರಿಪ್ ಎಷ್ಟು ಚೆನ್ನಾಗಿ ಕೂತಿದ್ದರೂ ಗಾಳಿ ನಿಲ್ಲುವುದಿಲ್ಲ.

ಈಗ ಮೊಳೆಯ ಜಾಗ. ಟೈರಿನ ರಸ್ತೆಗೆ ತಾಗುವ ಭಾಗಕ್ಕೆ ಟ್ರೆಡ್ ಅನ್ನುತ್ತಾರೆ. ನಿಮ್ಮ ರೇಡಿಯಲ್ ಟೈರಿನಲ್ಲಿ ಅದರ ಕೆಳಗೆ ಉಕ್ಕಿನ ತಂತಿಯ ಪದರಗಳಿವೆ. ಆ ಭಾಗ ಗಟ್ಟಿ, ಓಡುವಾಗ ಮಡಚುವುದು ಕಡಿಮೆ, ಒಳಗಿಂದ ಹಾಕಿದ ಪ್ಯಾಚ್ ಅಲ್ಲಿ ನಿಲ್ಲುತ್ತದೆ. ಸೈಡ್‌ವಾಲ್‌ನಲ್ಲಿ, ಅಂದರೆ ಹೆಸರು, ಸೈಜ್ ಬರೆದಿರುವ ಮೈಯಲ್ಲಿ, ಉಕ್ಕಿನ ಆ ಪದರ ಇಲ್ಲ. ಅಲ್ಲಿರುವುದು ಪಾಲಿಯೆಸ್ಟರ್ ದಾರ ಮತ್ತು ರಬ್ಬರು. ಟೈರ್ ಒಂದು ಸುತ್ತು ತಿರುಗಿದಾಗೆಲ್ಲ ಆ ಮೈ ಒಂದು ಸಲ ಬಾಗಿ ಏಳುತ್ತದೆ. ನಿಮ್ಮ ಸೈಜಿನ ಟೈರಿನ ಸುತ್ತಳತೆ ಎರಡು ಮೀಟರಿಗೆ ಸ್ವಲ್ಪ ಕಡಿಮೆ, ಹಾಗಾಗಿ ಒಂದು ಕಿಲೋಮೀಟರಿಗೆ ಐನೂರು ಚಿಲ್ಲರೆ ಸುತ್ತು. ಸಿರುಗುಪ್ಪದಿಂದ ಬಳ್ಳಾರಿಗೆ ಹೋಗಿ ಬರುವಷ್ಟರಲ್ಲಿ ಸೈಡ್‌ವಾಲ್ ಐವತ್ತು ಸಾವಿರಕ್ಕೂ ಹೆಚ್ಚು ಸಲ ಬಾಗುತ್ತದೆ. ಅಲ್ಲಿ ಯಾವ ಪ್ಯಾಚ್ ನಿಲ್ಲಬೇಕು ಹೇಳಿ. ಸೈಡ್‌ವಾಲ್ ತೂತಾದರೆ ಟೈರ್ ಹೋಯಿತು, ಚೌಕಾಸಿ ಇಲ್ಲ.

ಟ್ರೆಡ್ಡೂ ಸೈಡ್‌ವಾಲೂ ಕೂಡುವ ತಿರುವಿಗೆ ಶೋಲ್ಡರ್ ಅನ್ನುತ್ತಾರೆ. ಜಗಳ ಎಲ್ಲಾ ಅಲ್ಲೇ. ಉಕ್ಕಿನ ಪದರಗಳು ಮುಗಿಯುವ ಜಾಗ ಅದು, ಬಿಸಿಯೂ ಅಲ್ಲಿ ಜಾಸ್ತಿ, ಬಾಗುವಿಕೆಯೂ ಇದೆ. ಟೈರ್ ರಿಪೇರಿಯ ಒಪ್ಪಿತ ನಿಯಮ ಏನೆಂದರೆ ಟ್ರೆಡ್ಡಿನ ನಡುವಿನ ಮುಕ್ಕಾಲು ಭಾಗದಲ್ಲಿ ಆದ ತೂತನ್ನು ಮಾತ್ರ ಮುಚ್ಚಬಹುದು. ನಿಮ್ಮ ಟೈರಿನ ಟ್ರೆಡ್ ಅಗಲ ಸುಮಾರು 14–15 ಸೆಂಟಿಮೀಟರ್ ಇರುತ್ತದೆ. ಎರಡೂ ಕಡೆ ಅಂಚಿನಿಂದ ಹತ್ತತ್ತಿರ 2 ಸೆಂಟಿಮೀಟರ್ ಬಿಟ್ಟು ಉಳಿದದ್ದು ರಿಪೇರಿಯ ಜಾಗ. ಅಳತೆ ಪಟ್ಟಿ ಇಲ್ಲದಿದ್ದರೆ ಟ್ರೆಡ್ಡಿನಲ್ಲಿ ಉದ್ದಕ್ಕೆ ಕೊರೆದ ದಪ್ಪ ಗೆರೆಗಳನ್ನು ನೋಡಿ. ತೀರಾ ಹೊರಗಿನ ಎರಡು ಗೆರೆಗಳ ಒಳಗೆ ಮೊಳೆ ಇದ್ದರೆ ಸಾಮಾನ್ಯವಾಗಿ ಧೈರ್ಯ ಮಾಡಬಹುದು.

ಆದರೆ ಮೊಳೆ ನೆಟ್ಟಗೆ ಹೋಗಿದೆ ಅಂತ ಏನು ಗ್ಯಾರಂಟಿ? ಓಡುವ ಟೈರಿಗೆ ಮೊಳೆ ಬಹಳ ಸಲ ಓರೆಯಾಗಿ ಹೊಕ್ಕಿರುತ್ತದೆ. ಹೊರಗೆ ಸುರಕ್ಷಿತ ಜಾಗದಲ್ಲಿ ಹೊಕ್ಕ ಮೊಳೆಯ ತುದಿ ಒಳಗೆ ಶೋಲ್ಡರ್‌ನಲ್ಲಿ ಮೂಡಿರಬಹುದು. ಹೊರಗೆ ಅಂಚಿನ ಹತ್ತಿರ ಕಂಡದ್ದು ಒಳಗೆ ನಡುವಿನ ಕಡೆಗೆ ಬಂದಿರಲೂಬಹುದು. ಅದಕ್ಕೇ ಶೋರೂಮಿನವರ 'ಅಂಚಿಗೆ ಬಂದಿದೆ' ಅನ್ನುವ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ, ಪೂರ್ತಿ ತಳ್ಳಿಹಾಕುವುದೂ ಇಲ್ಲ. ಒಳಗಿನ ತೂತು ಎಲ್ಲಿದೆ ಅಂತ ನೋಡಬೇಕು, ಪ್ಯಾಚ್ ಕೂರುವುದು ಅಲ್ಲೇ. ತೀರಾ ಓರೆಯಾಗಿದ್ದರೆ, ಅಂದರೆ 25 ಡಿಗ್ರಿಗಿಂತ ಜಾಸ್ತಿ, ಸಾಮಾನ್ಯ ಮಶ್ರೂಮ್ ಪ್ಯಾಚ್ (ತಲೆಯೂ ಕಾಲೂ ಒಂದೇ ತುಂಡಾಗಿರುವ ಪ್ಯಾಚ್, ಮುಂದೆ ವಿವರಿಸುತ್ತೇನೆ) ಸರಿಯಾಗಿ ಕೂರುವುದಿಲ್ಲ. ತೂತು ತುಂಬಲು ಬೇರೆ, ಮೇಲೆ ಅಂಟಿಸಲು ಬೇರೆ ಪ್ಯಾಚ್ ಬೇಕು.

ಗಾತ್ರದ ಮಿತಿ 6 ಮಿಲಿಮೀಟರ್. ಸಾದಾ ಪೆನ್ಸಿಲ್ಲಿಗಿಂತ ಒಂದು ಎಳೆ ಸಣ್ಣ. ಅದಕ್ಕಿಂತ ದೊಡ್ಡ ತೂತಾದರೆ, ಅಥವಾ ತೂತಿನ ಬದಲು ಸೀಳು ಆಗಿದ್ದರೆ, ಉಕ್ಕಿನ ತಂತಿಗಳು ಜಾಸ್ತಿ ತುಂಡಾಗಿರುತ್ತವೆ, ಆ ಜಾಗ ತನ್ನ ಬಲ ಕಳೆದುಕೊಂಡಿರುತ್ತದೆ. ನಿಮ್ಮ ಪ್ರಶ್ನೆಯಲ್ಲಿ ನನಗೆ ಅನುಮಾನ ಬಂದ ಎರಡನೇ ಜಾಗ ಇದು. ಎರಡು ಸ್ಟ್ರಿಪ್ ಯಾಕೆ ಬೇಕಾಯಿತು? ಸಾಮಾನ್ಯ ಮೊಳೆಗೆ ಒಂದು ಸಾಕು. ಎರಡು ಹಾಕಿದ್ದಾರೆ ಅಂದರೆ ತೂತು ದೊಡ್ಡದಿತ್ತು, ಇಲ್ಲವೇ ರೀಮರ್ ಆಡಿಸಿ ಆಡಿಸಿ ಅವರೇ ದೊಡ್ಡದು ಮಾಡಿದರು. ಸ್ಟ್ರಿಪ್ ಒಳಗೆ ಹೋಗಲಿ ಅಂತ ಆ ಒರಟು ಸೂಜಿಯನ್ನು ಮೇಲೆ ಕೆಳಗೆ ಎಳೆಯುತ್ತಾರಲ್ಲ, ಕೈ ತಪ್ಪಿದರೆ ಅದು ಒಳಗಿನ ತಂತಿಯನ್ನೂ ಕೊಯ್ಯುತ್ತದೆ.

ಈಗ ಗಾಳಿ ಇಲ್ಲದೆ ಓಡಿಸಿದ ವಿಷಯಕ್ಕೆ ಬರೋಣ. ಟೈರಿನ ಮೇಲೆ 88ಎಚ್ ಅಂತ ಇದೆ ಅಂದಿರಲ್ಲ, 88 ಅಂದರೆ ಒಂದು ಟೈರ್ 560 ಕೆಜಿ ಹೊರಬಲ್ಲದು ಅಂತ. ಎಚ್ ಅಂದರೆ ಗಂಟೆಗೆ 210 ಕಿಲೋಮೀಟರ್ ವೇಗದವರೆಗೆ. ಎರಡೂ ತಕ್ಕಷ್ಟು ಗಾಳಿ ಇದ್ದಾಗಿನ ಮಾತು, ಯಾಕೆಂದರೆ ತೂಕ ಹೊರುವುದು ಗಾಳಿ. ಗಾಳಿ ಹೋದ ಮೇಲೆ ರಿಮ್ ಕೆಳಗಿಳಿದು ಸೈಡ್‌ವಾಲನ್ನು ರಸ್ತೆಗೆ ಒತ್ತಿ ಮಡಚುತ್ತದೆ. ತಂತಿಯನ್ನು ಅತ್ತ ಇತ್ತ ಬಗ್ಗಿಸಿ ಬಗ್ಗಿಸಿ ಮುರಿಯುತ್ತೇವಲ್ಲ, ಒಳಗಿನ ದಾರಕ್ಕೆ ಆಗುವುದೂ ಅದೇ. ಎರಡು ಕಿಲೋಮೀಟರ್ ಅಂದರೆ ಸಾವಿರ ಸಲ ಹಾಗೆ ಮಡಚಿದ ಲೆಕ್ಕ. ನಿಧಾನಕ್ಕೆ ಓಡಿಸಿದರೆ ಬಿಸಿ ಕಡಿಮೆ ಆಗುತ್ತದೆ, ನಿಜ. ಮಡಚುವ ಲೆಕ್ಕ ಕಡಿಮೆ ಆಗುವುದಿಲ್ಲ.

ಹೊರಗಿಂದ ಇದು ಕಾಣುವುದೇ ಇಲ್ಲ. ಗಾಳಿ ತುಂಬಿಸಿದರೆ ಟೈರ್ ಮತ್ತೆ ದುಂಡಗೆ ನಿಂತು ಏನೂ ಆಗದ ಹಾಗೆ ಕಾಣುತ್ತದೆ. ಬಿಚ್ಚಿದಾಗ ಗೊತ್ತಾಗುವುದು. ಟೈರ್ ರಿಮ್‌ನಿಂದ ಹೊರಗೆ ಬಂದ ಕೂಡಲೇ ಅದನ್ನು ಸ್ವಲ್ಪ ಓರೆ ಮಾಡಿ ನೋಡಿ, ಒಳಗೆ ಕರಿ ಪುಡಿ ಉದುರುತ್ತದಾ ಅಂತ. ನುಣ್ಣಗೆ ಪುಡಿಯಾದ ರಬ್ಬರು ಅದು, ಒಳಮೈ ತನ್ನ ಮೇಲೆ ತಾನೇ ಉಜ್ಜಿಕೊಂಡು ಸವೆದದ್ದು. ಒಂದು ಚಿಟಿಕೆ ಕಂಡರೂ ನಾನು ಆ ಟೈರಿನ ಆಸೆ ಬಿಡುತ್ತೇನೆ. ಆಮೇಲೆ ಮೊಬೈಲ್ ಟಾರ್ಚ್ ಹಿಡಿದು ಸೈಡ್‌ವಾಲಿನ ಒಳಮೈಯನ್ನು ಸುತ್ತಲೂ ನೋಡಿ. ಶೋಲ್ಡರ್‌ನಿಂದ ಸ್ವಲ್ಪ ಕೆಳಗೆ, ಸುತ್ತ ಒಂದು ಬಳೆ ಹಾಕಿದಂತೆ ಕಪ್ಪು ಪಟ್ಟಿ ಇದೆಯಾ? ಅಲ್ಲಿ ಬೆರಳಾಡಿಸಿದರೆ ಒರಟು ಹತ್ತುತ್ತದಾ, ಸುಕ್ಕು ಇದೆಯಾ? ಒಳಪದರ ಸವೆದು ದಾರದ ಗೆರೆಗಳು ಮೂಡಿ ಕಾಣುತ್ತಿವೆಯಾ? ಇವುಗಳಲ್ಲಿ ಒಂದಿದ್ದರೂ ಮೊಳೆ ಎಲ್ಲಿದೆ ಅನ್ನುವುದನ್ನು ನೋಡುವ ಅಗತ್ಯವೇ ಇಲ್ಲ. ತೂತು ಸರಿಯಾಗಿ ನಡುವಿಗಿದ್ದು, ಸೂಜಿ ಮೊನೆಯಷ್ಟೇ ಇದ್ದರೂ ಆ ಟೈರ್ ರಿಪೇರಿಗೆ ಬರುವುದಿಲ್ಲ. ಸೈಡ್‌ವಾಲ್ ಯಾವತ್ತೋ ಒಂದು ದಿನ, ಕಾರು ಪೂರ್ತಿ ತುಂಬಿ, ರಸ್ತೆ ಕಾದ ಮಧ್ಯಾಹ್ನ, ನೂರರ ವೇಗದಲ್ಲಿರುವಾಗ ಕೈಕೊಡಬಹುದು. ನಮ್ಮ ಬಳ್ಳಾರಿ, ರಾಯಚೂರು ಕಡೆ ಏಪ್ರಿಲ್ ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಟಾರು ಅದಕ್ಕಿಂತ ಎಷ್ಟೋ ಜಾಸ್ತಿ ಕಾದಿರುತ್ತದೆ. ಅರ್ಧ ಸತ್ತ ಟೈರಿಗೆ ಇದು ಒಳ್ಳೆ ಊರಲ್ಲ.

ಕತ್ತಲಲ್ಲಿ ಮಕ್ಕಳನ್ನು ರಸ್ತೆ ಬದಿ ಇಳಿಸದೆ ಮುಂದೆ ಬಂದದ್ದಕ್ಕೆ ನಾನು ನಿಮ್ಮನ್ನು ಬೈಯುವುದಿಲ್ಲ. ಬಾಳೆಹಣ್ಣಿನ ಗಾಡಿ ನಿಲ್ಲಿಸಲೂ ಜಾಗವಿಲ್ಲದ ರಸ್ತೆ ಬದಿಯಲ್ಲಿ, ಹಿಂದಿನಿಂದ ಭತ್ತದ ಲಾರಿಗಳು ಬರುತ್ತಿರುವಾಗ ಜಾಕಿ ಹಾಕಿ ಕೂರುವುದಕ್ಕಿಂತ ಟೈರ್ ಹೋದರೂ ಪರವಾಗಿಲ್ಲ. ಆ ಲೆಕ್ಕದಲ್ಲಿ ಟೈರಿನ ದುಡ್ಡು ಸರಿಯಾಗಿಯೇ ಖರ್ಚಾಗಿದೆ ಅಂದುಕೊಳ್ಳಿ. ಒಂದು ಮಾತು ಮಾತ್ರ. ಎಷ್ಟು ದೂರ ಓಡಿಸಿದಿರಿ ಅನ್ನುವುದನ್ನು ಅಂಗಡಿಯಲ್ಲಿ ಸರಿಯಾಗಿ ಹೇಳಿ. ಬಹಳ ಜನ ಹೇಳುವುದಿಲ್ಲ, ಅಂಗಡಿಯವರೂ ಕೇಳುವುದಿಲ್ಲ. ಪಂಚರ್ ಅಂಗಡಿಯಲ್ಲಿ ನಿಮ್ಮನ್ನು ಕೇಳಬೇಕಾಗಿದ್ದ ಮೊದಲ ಪ್ರಶ್ನೆಯೇ ಅದು.

ಒಳಗೆ ಎಲ್ಲಾ ಚೆನ್ನಾಗಿದೆ ಅಂತಲೇ ಇಟ್ಟುಕೊಳ್ಳೋಣ. ಪುಡಿ ಇಲ್ಲ, ಪಟ್ಟಿ ಇಲ್ಲ, ತೂತು ನಡುಭಾಗದಲ್ಲಿದೆ, ಸ್ಟ್ರಿಪ್ ಕಿತ್ತು ಸ್ವಚ್ಛ ಮಾಡಿದ ಮೇಲೂ 6 ಮಿಲಿಮೀಟರ್ ಒಳಗೇ ಇದೆ. ಆಗ ಖಂಡಿತ ರಿಪೇರಿ ಮಾಡಿಸಿ, ಹೊಸ ಟೈರ್ ಕೊಳ್ಳಬೇಡಿ. ಆದರೆ ಮತ್ತೊಂದು ಸ್ಟ್ರಿಪ್ ಬೇಡ, ಮಶ್ರೂಮ್ ಪ್ಯಾಚ್ ಹಾಕಿಸಿ. ಅಗಲ ತಲೆ, ಸಣ್ಣ ಕಾಲು ಇರುವ ಪ್ಯಾಚ್ ಅದು. ಕಾಲು ತೂತನ್ನು ತುಂಬುತ್ತದೆ, ತಲೆ ಒಳಪದರಕ್ಕೆ ಅಂಟಿ ಗಾಳಿ ತಡೆಯುತ್ತದೆ. ಎರಡೂ ಬೇಕು. ಬರೀ ಒಳಗಿನಿಂದ ಚಪ್ಪಟೆ ಪ್ಯಾಚ್ ಅಂಟಿಸಿದರೆ ಗಾಳಿ ನಿಲ್ಲುತ್ತದೆ, ಆದರೆ ಹೊರಗಿನ ತೂತು ತೆರೆದೇ ಇರುತ್ತದೆ. ಮಳೆ ನೀರು ಅದರಲ್ಲಿ ಇಳಿದು ಉಕ್ಕಿನ ತಂತಿಗೆ ತುಕ್ಕು ಹಿಡಿಯುತ್ತದೆ, ಕ್ರಮೇಣ ಪದರ ಬಿಡುತ್ತದೆ. ಬರೀ ಸ್ಟ್ರಿಪ್ ಹಾಕಿದರೆ ತೂತು ತುಂಬುತ್ತದೆ, ಒಳಪದರ ಮುಚ್ಚುವುದಿಲ್ಲ.

ಹಾಗಂತ ಸ್ಟ್ರಿಪ್ ಹಾಕುವವರೆಲ್ಲ ಮೋಸ ಮಾಡುತ್ತಾರೆ ಅಂತಲ್ಲ. ರಾತ್ರಿ ಹನ್ನೊಂದಕ್ಕೆ ಸಿಂಧನೂರು ರಸ್ತೆಯಲ್ಲಿ ಒಬ್ಬ ಹುಡುಗ ಎದ್ದು ಬಂದು ಹತ್ತು ನಿಮಿಷದಲ್ಲಿ ಸ್ಟ್ರಿಪ್ ಹಾಕಿ ಮನೆ ಮುಟ್ಟಿಸಿದರೆ ಅದು ಉಪಕಾರವೇ. ಸ್ಟ್ರಿಪ್ ಮೇಲೆ ವರ್ಷಗಟ್ಟಲೆ ಊರೊಳಗೆ ಓಡುವ ಎಷ್ಟೋ ಕಾರುಗಳಿವೆ, ಅದನ್ನೂ ನೋಡಿದ್ದೇನೆ. ನನ್ನ ತಕರಾರು ಇಷ್ಟೇ. ಸ್ಟ್ರಿಪ್ ಹಾಕಲು ಟೈರ್ ಬಿಚ್ಚಬೇಕಿಲ್ಲ, ಹಾಗಾಗಿ ಒಳಗೆ ಏನಾಗಿದೆ ಅಂತ ಯಾರೂ ನೋಡುವುದಿಲ್ಲ. ಅದನ್ನು ಮನೆ ಮುಟ್ಟುವ ತಾತ್ಕಾಲಿಕ ವ್ಯವಸ್ಥೆ ಅಂದುಕೊಂಡು, ಗಂಟೆಗೆ 80 ಮೀರದೆ ಓಡಿಸಿ, ಒಂದೆರಡು ದಿನದಲ್ಲಿ ಬಿಚ್ಚಿಸಿ ನೋಡಿಸಿಬಿಟ್ಟರೆ ಜಗಳವೇ ಇಲ್ಲ.

ಮಶ್ರೂಮ್ ಪ್ಯಾಚ್ ಹಾಕುವಾಗ ಪಕ್ಕದಲ್ಲಿ ನಿಂತು ನೋಡಿ, ನಿಮಗೇ ಗೊತ್ತಾಗುತ್ತದೆ ಕೆಲಸ ಬಲ್ಲವರೋ ಅಲ್ಲವೋ ಅಂತ. ಟೈರನ್ನು ಮಶೀನಿನಲ್ಲಿ ಬಿಚ್ಚಬೇಕು. ಕಬ್ಬಿಣದ ರಾಡು ಹಾಕಿ ಮೀಟಿದರೆ ಟೈರಿನ ಬಾಯಿ ಹರಿಯುತ್ತದೆ, ಅಲಾಯ್ ರಿಮ್ ಆದರೆ ಗೀರೂ ಬೀಳುತ್ತದೆ. ಬಿಚ್ಚುವ ಮುಂಚೆ ವಾಲ್ವ್ ಎದುರಿಗೆ ಟೈರ್ ಮೇಲೆ ಚಾಕ್‌ಪೀಸಿನಲ್ಲಿ ಗುರುತು ಹಾಕುತ್ತಾರೆ, ತಿರುಗಿ ಅದೇ ಜಾಗಕ್ಕೆ ಕೂರಿಸಲು. ತೂತನ್ನು ಡ್ರಿಲ್ ಹಾಕಿ ಶುಚಿ ಮಾಡಿ, ಒಳಗೆ ಪ್ಯಾಚಿನ ಅಗಲಕ್ಕೆ ಉಜ್ಜಿ, ಪುಡಿ ತೆಗೆದು, ಸಲ್ಯೂಷನ್ ಹಚ್ಚುತ್ತಾರೆ. ಇಲ್ಲಿ ಸ್ವಲ್ಪ ಕಾಯಬೇಕು. ಸಲ್ಯೂಷನ್ ಹಸಿಯಾಗಿರುವಾಗಲೇ ಪ್ಯಾಚ್ ಒತ್ತಿದರೆ ಅಂಟು ಹಿಡಿಯುವುದಿಲ್ಲ. ಬೆರಳ ಹಿಂಭಾಗ ತಾಗಿಸಿದರೆ ಅಂಟಂಟಾಗಿರಬೇಕು, ಬೆರಳಿಗೆ ಮೆತ್ತಬಾರದು. ಆಮೇಲೆ ಕಾಲನ್ನು ಒಳಗಿಂದ ಹೊರಗೆ ಎಳೆದು, ತಲೆಯ ಮೇಲೆ ಹಲ್ಲಿನ ರೋಲರ್ ಉರುಳಿಸಿ ನಡುವಿನಿಂದ ಅಂಚಿಗೆ ಒತ್ತಬೇಕು, ಇಲ್ಲದಿದ್ದರೆ ಗಾಳಿ ಸಿಕ್ಕಿಕೊಳ್ಳುತ್ತದೆ. ಹೊರಗೆ ಉಳಿದ ಕಾಲನ್ನು ಟ್ರೆಡ್ ಮಟ್ಟಕ್ಕೆ ಕತ್ತರಿಸಿ, ಗಾಳಿ ತುಂಬಿ, ಸೋಪ್ ನೀರು ಹಾಕಿ, ಬ್ಯಾಲೆನ್ಸಿಂಗ್ ಮಾಡಿ ಕೊಡುತ್ತಾರೆ. ಸ್ಟ್ರಿಪ್ಪಿಗಿಂತ ಖರ್ಚು ಎರಡು ಮೂರು ಪಟ್ಟು ಆಗಬಹುದು. ಹೊಸ ಟೈರಿನ ಮುಂದೆ ಅದೇನೂ ಅಲ್ಲ.

ನಮ್ಮ ಕಡೆ ಪಂಚರ್ ಅಂದರೆ ಮೊಳೆ ಒಂದೇ ಅಲ್ಲ ಅನ್ನುವುದು ನಿಮಗೆ ಹೇಳಬೇಕಿಲ್ಲ. ಎತ್ತಿನ ಲಾಳದ ಮೊಳೆ ಇವತ್ತಿಗೂ ಸಿಗುತ್ತದೆ. ಸಂಡೂರು, ತೋರಣಗಲ್ಲು, ಗಿಣಿಗೇರಾ ಕಡೆ ಓಡಾಡುವವರ ಟೈರಿನಲ್ಲಿ ಲಾರಿಯಿಂದ ಬಿದ್ದ ಬೋಲ್ಟು, ಕಬ್ಬಿಣದ ಚೂರು, ಸಿಡಿದ ಲಾರಿ ಟೈರಿನ ಸಣ್ಣ ತಂತಿ ಬರುತ್ತವೆ. ಬೋಲ್ಟಿನ ತೂತು ನೋಡಿದ ಕೂಡಲೇ ಗೊತ್ತಾಗುತ್ತದೆ, ಅದು 6 ಮಿಲಿಮೀಟರಿನ ಆಟವಲ್ಲ. ಹಳ್ಳಿ ದಾರಿಗಳಲ್ಲಂತೂ ಬಳ್ಳಾರಿ ಜಾಲಿ. ಊರಿನ ಹೆಸರನ್ನೇ ಇಟ್ಟುಕೊಂಡು ಊರವರ ಟೈರಿಗೇ ಚುಚ್ಚುವ ಗಿಡ. ಹೊಲದ ಬದುವಿನಲ್ಲಿ ಜಾಲಿ ಕಡಿದು ದಾರಿಗೆ ಎಳೆದಿರುತ್ತಾರೆ, ಆ ದಿನ ಆ ದಾರಿಯಲ್ಲಿ ಹೋದವರಿಗೆಲ್ಲ ಪಂಚರ್. ಜಾಲಿ ಮುಳ್ಳಿನ ತೂತು ಸಣ್ಣದು, ರಿಪೇರಿಗೆ ಸುಲಭ. ಆದರೆ ಮುಳ್ಳಿನ ತುದಿ ರಬ್ಬರಿನೊಳಗೇ ಮುರಿದು ಕೂರುತ್ತದೆ, ಹೊರಗಿಂದ ಒಂದು ಕಪ್ಪು ಚುಕ್ಕೆ ಅಷ್ಟೇ. ಒಂದು ತೂತು ಮುಚ್ಚಿ ಕಳಿಸಿದರೆ ವಾರಕ್ಕೆ ಇನ್ನೊಂದು ಮುಳ್ಳು ಒಳಗೆ ಸರಿದು ಮತ್ತೆ ಗಾಳಿ ಇಳಿಯುತ್ತದೆ, ಗಿರಾಕಿ ಬಂದು ಅಂಗಡಿಯವನ ಮೇಲೆ ಎಗರಾಡುತ್ತಾನೆ. ಟೈರ್ ಬಿಚ್ಚಿದಾಗ ಒಳಗೆ ಒಂದು ಹತ್ತಿ ಬಟ್ಟೆ ಸವರಿಸಿ, ಎಲ್ಲಿ ಎಳೆ ಸಿಕ್ಕಿಕೊಳ್ಳುತ್ತದೋ ಅಲ್ಲಿ ಮುಳ್ಳಿದೆ. ಬರಿಗೈ ಹಾಕಬೇಡಿ. ಎರಡು ಮೂರು ಕಡೆ ತೂತಿದ್ದರೂ ಪ್ಯಾಚ್‌ಗಳು ಒಂದರ ಮೇಲೊಂದು ಬರದಷ್ಟು ದೂರ ಇದ್ದರೆ ಮಾಡಬಹುದು. ಮೂರು ದಾಟಿದರೆ ನಾನಾದರೆ ಆ ಟೈರನ್ನು ಸ್ಟೆಪ್ನಿ ಮಾಡಿಕೊಳ್ಳುತ್ತೇನೆ.

ಮುಳ್ಳಿಗೆ ಅಂತ ಮೊದಲೇ ಟೈರಿನೊಳಗೆ ಜೆಲ್ ಹಾಕಿಸುವವರಿದ್ದಾರೆ. ಬೈಕಿಗೆ ಹಾಕಿಸಿಕೊಳ್ಳಿ, ಕಾರಿಗೆ ನಾನು ಹೇಳುವುದಿಲ್ಲ. ಸೋರಿಕೆ ಮುಚ್ಚಿಟ್ಟು, ಮೊಳೆ ಹೊಕ್ಕಿರುವುದೇ ಗೊತ್ತಾಗದಂತೆ ಮಾಡುತ್ತದೆ. ಬಿಚ್ಚಿದಾಗ ಒಳಗೆಲ್ಲ ಲೋಳೆ, ಪ್ಯಾಚ್ ಹಾಕುವ ಮುಂಚೆ ಅದನ್ನು ತೊಳೆಯುವುದೇ ಒಂದು ಕೆಲಸ. ನೈಟ್ರೋಜನ್ ಹಾಕಿಸಿದರೆ ಪಂಚರ್ ಆಗಲ್ಲ ಅನ್ನುವ ಮಾತೂ ಇದೆ. ಮೊಳೆಗೆ ಒಳಗಿರುವುದು ಯಾವ ಗಾಳಿ ಅಂತ ಗೊತ್ತಾಗುವುದಿಲ್ಲ.

ಟೈರ್ ರಿಪೇರಿಗೆ ಬರಲ್ಲ ಅಂತ ಆದಮೇಲೆ ನಿಮಗೆ ಒಂದು ಸಲಹೆ ಬಂದೇ ಬರುತ್ತದೆ: 'ಒಳಗೆ ಟ್ಯೂಬ್ ಹಾಕಿಬಿಡೋಣ ಅಣ್ಣ, ಇನ್ನೂ ಇಪ್ಪತ್ತು ಸಾವಿರ ಓಡುತ್ತೆ.' ಕೆಲವರು ಸೀಳಿದ ಜಾಗಕ್ಕೆ ಹಳೇ ಟೈರಿನ ತುಂಡಿಟ್ಟು ಅದರ ಮೇಲೆ ಟ್ಯೂಬ್ ಕೂರಿಸುತ್ತಾರೆ. ದಯವಿಟ್ಟು ಒಪ್ಪಬೇಡಿ. ಟ್ಯೂಬ್‌ಲೆಸ್ ಟೈರಿನ ಒಳಮೈ ಟ್ಯೂಬಿಗೆ ಅಂತ ನುಣುಪು ಮಾಡಿದ್ದಲ್ಲ, ಟ್ಯೂಬ್ ಉಜ್ಜಿ ಉಜ್ಜಿ ಬಿಸಿಯಾಗುತ್ತದೆ. ಟ್ಯೂಬ್‌ಲೆಸ್ ಟೈರಿಗೆ ಮೊಳೆ ಹೊಕ್ಕರೆ ಗಾಳಿ ನಿಧಾನಕ್ಕೆ ಇಳಿಯುತ್ತದೆ, ನಿಲ್ಲಿಸಲು ಸಮಯ ಸಿಗುತ್ತದೆ. ಟ್ಯೂಬ್ ಹರಿದರೆ ಗಾಳಿ ಒಮ್ಮೆಲೇ ಹೋಗುತ್ತದೆ. ದುರ್ಬಲವಾದ ಸೈಡ್‌ವಾಲನ್ನು ಟ್ಯೂಬ್ ಗಟ್ಟಿ ಮಾಡುವುದೂ ಇಲ್ಲ. ಸೈಡ್‌ವಾಲಿನಲ್ಲಿ ಉಬ್ಬು ಎದ್ದ ಟೈರಿಗೂ ಇದೇ ಮಾತು, ಅಲ್ಲಿ ದಾರ ತುಂಡಾಗಿ ಬರೀ ರಬ್ಬರು ಗಾಳಿ ಹಿಡಿದುಕೊಂಡಿರುತ್ತದೆ.

ಮುಂದಿನ ಸಲಕ್ಕೆ ಒಂದು ವಿಷಯ. ಟೈರಿನಲ್ಲಿ ಮೊಳೆ ಕಂಡ ಕೂಡಲೇ ಕೀಳಬೇಡಿ. ಎಷ್ಟೋ ಸಲ ಮೊಳೆಯೇ ತೂತಿಗೆ ಬಿರಡೆಯಾಗಿ ಕೂತಿರುತ್ತದೆ. ಗಾಳಿ ನೋಡಿ, ಕಡಿಮೆ ಇದ್ದರೆ ತುಂಬಿಸಿಕೊಂಡು ಅಂಗಡಿವರೆಗೆ ಹೋಗಿ. ಸಿಗರೇಟ್ ಲೈಟರ್ ಜಾಗಕ್ಕೆ ಚುಚ್ಚುವ ಸಣ್ಣ ಕಂಪ್ರೆಸರ್ ಒಂದು ಡಿಕ್ಕಿಯಲ್ಲಿರಲಿ. ಅದಿದ್ದಿದ್ದರೆ ಆವತ್ತು ರಾತ್ರಿ ಐದು ನಿಮಿಷ ಗಾಳಿ ತುಂಬಿಸಿಕೊಂಡು, ಅದು ಮತ್ತೆ ಇಳಿಯುವಷ್ಟರಲ್ಲಿ ಲೈಟಿನ ಜಾಗ ಮುಟ್ಟುತ್ತಿದ್ದಿರಿ, ಟೈರೂ ಉಳಿಯುವ ಸಾಧ್ಯತೆ ಇತ್ತು. ಕೆಲವು ಹೊಸ ಕಾರುಗಳಲ್ಲಿ ಸ್ಟೆಪ್ನಿಯೇ ಬರುವುದಿಲ್ಲ. ಟ್ಯೂಬ್‌ಲೆಸ್ ಟೈರ್, ಗಾಳಿ ತೋರಿಸುವ ಸೆನ್ಸರ್, ರಿಪೇರಿ ಕಿಟ್ ಮೂರೂ ಇದ್ದರೆ ಸ್ಟೆಪ್ನಿ ಬೇಕಿಲ್ಲ ಅಂತ 2020ರಲ್ಲಿ ನಿಯಮ ಬದಲಾಯಿತು. ಅಂಥ ಕಾರಿನವರಿಗೆ ಇದು ಇನ್ನೂ ಜಾಸ್ತಿ ಅನ್ವಯ.

ಬದಲಿಸಲೇಬೇಕು ಅಂತ ಆದರೆ ಒಂದೇ ಟೈರ್ ಸಾಕಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಒಂದೇ ಆಕ್ಸಲಿನ, ಅಂದರೆ ಮುಂದಿನ ಅಥವಾ ಹಿಂದಿನ ಜೋಡಿಯ, ಎರಡು ಟೈರುಗಳ ಸವೆತ ಹೆಚ್ಚುಕಡಿಮೆ ಒಂದೇ ಇರಬೇಕು. ಹೊಸ ಟೈರಿನ ಟ್ರೆಡ್ ಆಳ 7–8 ಮಿಲಿಮೀಟರ್ ಇರುತ್ತದೆ, 1.6ಕ್ಕೆ ಇಳಿದರೆ ಕಾನೂನು ಪ್ರಕಾರ ಮುಗಿಯಿತು. ನಿಮ್ಮದು ಅರ್ಧದ ಹತ್ತಿರ ಇದೆ. ಒಂದು ಕಡೆ ಹೊಸದು, ಇನ್ನೊಂದು ಕಡೆ ಅರ್ಧ ಸವೆದದ್ದು ಇದ್ದರೆ ಮಳೆಯಲ್ಲಿ ಬ್ರೇಕ್ ಹಾಕಿದಾಗ ಕಾರು ಒಂದೇ ಸಮ ನಿಲ್ಲುವುದಿಲ್ಲ. ಇಲ್ಲಿ ನಿಮ್ಮ ಸ್ಟೆಪ್ನಿ ಕೆಲಸಕ್ಕೆ ಬರುತ್ತದೆ. ಅದೂ 185/65 ಆರ್15 ಆಗಿದ್ದು ಹೆಚ್ಚು ಓಡದೆ ಇದ್ದರೆ, ಒಂದೇ ಒಂದು ಹೊಸ ಟೈರ್, ಸಾಧ್ಯವಾದರೆ ಅದೇ ಕಂಪನಿಯದು, ಅದೇ ಮಾದರಿಯದು ಕೊಂಡು, ಹೊಸದನ್ನೂ ಸ್ಟೆಪ್ನಿಯನ್ನೂ ಜೋಡಿ ಮಾಡಿ ಹಿಂದೆ ಹಾಕಿಸಿ. ಈಗ ಹಿಂದೆ ಬಲಗಡೆ ಇರುವುದು ಡಿಕ್ಕಿಗೆ ಹೋಗಲಿ. ಅದಕ್ಕೂ ಮುಂಚೆ ಸ್ಟೆಪ್ನಿಯ ಸೈಡ್‌ವಾಲಿನಲ್ಲಿ DOT (ಡಾಟ್) ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 2321 ಅಂತಿದ್ದರೆ 2021ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ, ಒಂದು ದಿನವೂ ಓಡದಿದ್ದರೂ, ಅದನ್ನು ಜೋಡಿಗೆ ಸೇರಿಸಬೇಡಿ, ಎರಡು ಹೊಸದು ಕೊಂಡು ಹಿಂದೆ ಹಾಕಿಸಿ. ಕೊಳ್ಳುವ ಹೊಸ ಟೈರಿನ ಅಂಕಿಯನ್ನೂ ಬಿಲ್ ಮಾಡಿಸುವ ಮುಂಚೆಯೇ ನೋಡಿಕೊಳ್ಳಿ.